ಪುಟ್ಟಿ ಒಬ್ಬಳೇ ಹಾರಿದ್ದು

ಎಲ್ಲೋ ಏನೋ ಎಡವಟ್ಟಾಗಿದೆ. ಅಪ್ಪ ಇಷ್ಟು ಸುಲಭಕ್ಕೆ ಸೋಲುವವನಲ್ಲ. ಪುಟ್ಟಿ ಮತ್ತೊಮ್ಮೆ ಮೈದಾನದ ಬೇಲಿಯತ್ತ ನೋಡಿದಳು. ಅವಳು ಹಾರುವುದನ್ನು ಕಾಯಲು ಅಪ್ಪ ದಿನವೂ ಹಾಕಿಕೊಂಡು ಕೂರುವ ಕುರ್ಚಿ ಖಾಲಿಯಿತ್ತು.

"ಇವತ್ತು ನಾನು ನೋಡಲ್ಲಮ್ಮ. ಎದೆ ಡವಡವ ಅನ್ನುತ್ತೆ. ಕಾರಲ್ಲೇ ಕಣ್ಣು ಮುಚ್ಚಿ ಕೂತಿರ್ತೀನಿ" ಎಂದು ಬೆಳಿಗ್ಗೆಯೇ ಹೇಳಿದ್ದ. ಹೇಳಿದ ಮಾತಿನಂತೆ ನಡೆದುಕೊಂಡಿದ್ದಾನಲ್ಲ, ಅದೇ ಅವಳಿಗೆ ಸೋಜಿಗ.

ಪುಟ್ಟಿ ಎಂದರೆ ಎಳೆಮಗು ಎಂದುಕೊಳ್ಳಬೇಡಿ. ವಯಸ್ಸು ಇಪ್ಪತ್ತನಾಲ್ಕು, ಕಲಿಯುತ್ತಿರುವುದು ವಿಮಾನ ಓಡಿಸುವುದು. ತಾಯಿ ತೀರಿಕೊಂಡ ಮೇಲೆ ಅಪ್ಪ ಅವಳಿಗೆ ಅಂಟಿಕೊಂಡವನು ಬಿಟ್ಟಿಲ್ಲ. ವಿಮೆ ಕಂಪನಿಯಲ್ಲಿ ಜನರ ಅಪಘಾತಗಳನ್ನೇ ಓದಿ ಓದಿ ತಲೆ ನರೆಸಿಕೊಂಡ ಮನುಷ್ಯ. ಅವನ ಪ್ರಕಾರ ಮೆಟ್ಟಿಲು ಕಟ್ಟುವುದೇ ಉರುಳಿ ಬೀಳಲಿಕ್ಕೆ, ಬಸ್ಸು ಬರುವುದೇ ಕಾಲ ಮೇಲೆ ಹತ್ತಲಿಕ್ಕೆ. ಶಾಲೆಗೆ ಜೊತೆಗೆ ಬಂದ, ಕಾಲೇಜಿಗೆ ಬಂದ. ಹಲ್ಲಿನ ಡಾಕ್ಟರು "ಆ ಅನ್ನಿ" ಎಂದರೆ ಮಗಳಿಗಿಂತ ಮೊದಲು ತಾನೇ ಬಾಯಿ ತೆರೆದ. ಕೆಲಸದ ಸಂದರ್ಶನದಲ್ಲಂತೂ ಪ್ರಶ್ನೆಗೆಲ್ಲ ಅವನೇ ಉತ್ತರ ಕೊಟ್ಟು, ಆ ಕೆಲಸ ಅವನಿಗೇ ಸಿಗುವುದರಲ್ಲಿತ್ತು.

ಇಂಥ ಪುಣ್ಯಾತ್ಮ ಮಗಳನ್ನು ಆಕಾಶಕ್ಕೆ ಬಿಟ್ಟದ್ದಾದರೂ ಹೇಗೆ? ಅದಕ್ಕೂ ಅವನದೇ ತರ್ಕ. "ರಸ್ತೇಲಾದ್ರೆ ಪೋಲಿಗಳು ಹಿಂದೆ ಬರ್ತಾರೆ. ಮೇಲೆ ಯಾರು ಬರ್ತಾರೆ? ಪಕ್ಕದಲ್ಲಿ ಕ್ಯಾಪ್ಟನ್ ಬೇರೆ ಇರ್ತಾರೆ."

ಹಾರಲು ಕಲಿಸುವ ಆ ಕ್ಯಾಪ್ಟನ್ ಒಂದು ದಿನ ಕೆಳಗಿಳಿದು ಮಗಳನ್ನು ಒಬ್ಬಳನ್ನೇ ಕಳಿಸುತ್ತಾರೆಂದು ಗೊತ್ತಾದಾಗ ಅಪ್ಪನಿಗೆ ಊಟ ಸೇರಲಿಲ್ಲ. ಹೋಗಿ ಅಂಗಲಾಚಿದ. ಕ್ಯಾಪ್ಟನ್ ಜಗ್ಗಲಿಲ್ಲ.

"ನೋಡಿ ಯಜಮಾನ್ರೇ, ಒಬ್ಬಳೇ ಅಂದ್ರೆ ಒಬ್ಬಳೇ. ಒಳಗೆ ಒಂದು ನೊಣ ಇದ್ರೂ ಆ ಹಾರಾಟಾನ ನಾನು ಲೆಕ್ಕಕ್ಕೆ ಹಿಡಿಯಲ್ಲ."

ಅಪ್ಪ ತೆಪ್ಪಗೆ ಮನೆಗೆ ಬಂದ. ಆಮೇಲೆ ಆ ಸುದ್ದಿಯನ್ನೇ ಎತ್ತಲಿಲ್ಲ. ಪುಟ್ಟಿಗೆ ಅನುಮಾನ ಹುಟ್ಟಿದ್ದೇ ಆಗ.

ಆದರೆ ಅವಳ ಹೊಟ್ಟೆಯೊಳಗೂ ಒಂದು ಗುಟ್ಟಿತ್ತು. ಇವತ್ತು ಒಬ್ಬಳೇ ಹಾರಿ ಇಳಿದರೆ ದೂರದ ಊರಿನ ದೊಡ್ಡ ತರಬೇತಿ ಶಾಲೆ ಅವಳನ್ನು ಸೇರಿಸಿಕೊಳ್ಳುತ್ತದೆ. ಅಲ್ಲಿ ಬಾಡಿಗೆಗೆ ಒಂದು ರೂಮನ್ನೂ ನೋಡಿಟ್ಟಿದ್ದಳು. ಅಪ್ಪನಿಗೆ ಹೇಳಲು ಹೋದಾಗಲೆಲ್ಲ "ಊಟ ಆಯ್ತಾ?" ಎಂದಷ್ಟೇ ಕೇಳಿ ವಾಪಸಾಗುತ್ತಿದ್ದಳು.

ಬೆಳಿಗ್ಗೆ ಕ್ಯಾಪ್ಟನ್ ಜೊತೆಗೆ ಕೂತು ಎರಡು ಸುತ್ತು ಹಾರಿಸಿ ನೋಡಿದರು. ಚಹಾ ಕುಡಿಸಿದರು. ಆಮೇಲೆ ತಮ್ಮ ದೊಡ್ಡ ಹೊಟ್ಟೆ ಸವರಿಕೊಂಡು, "ಹೋಗಮ್ಮ, ಇನ್ನು ನೀನೇ. ನನ್ನ ಭಾರ ಇಲ್ಲ ನೋಡು, ಮೇಕೆಮರಿ ಥರ ನೆಗೆಯುತ್ತೆ. ಹುಷಾರು!" ಎಂದರು.

ಪುಟ್ಟಿ ವಿಮಾನದ ಸುತ್ತ ಬಂದು ಚಕ್ರ ಒದ್ದಳು, ರೆಕ್ಕೆ ಸವರಿದಳು, ಇಂಧನ ನೋಡಿದಳು. ಹಿಂದಿನ ಸೀಟಿನ ಮೇಲೆ ವಿಮಾನಕ್ಕೆ ಹೊದಿಸುವ ಟಾರ್ಪಾಲು ಎಂದಿನಂತೆ ಮುದ್ದೆಯಾಗಿ ಬಿದ್ದಿತ್ತು. ಅದನ್ನು ಮಡಿಸಿಡುವ ಮಹಾನುಭಾವ ಈ ಹಾರಾಟದ ಶಾಲೆಯಲ್ಲಿ ಇನ್ನೂ ಹುಟ್ಟಿರಲಿಲ್ಲ. ಅವಳ ಕಣ್ಣು ಹೋದದ್ದು ಪಕ್ಕದ ಸೀಟಿಗೆ. ಅಲ್ಲಿ ಯಾರೂ ಇರಲಿಲ್ಲ. ಅಬ್ಬಾ, ಎಂಥ ಚೆಂದ!

ವಿಮಾನ ಓಡಿತು, ಏರಿತು. ಆದರೆ ಮೇಕೆಮರಿಯಂತೇನೂ ನೆಗೆಯಲಿಲ್ಲ. ಕ್ಯಾಪ್ಟನ್ ಇದ್ದಾಗ ಹೇಗೆ ಏದುಸಿರು ಬಿಡುತ್ತ ಏರಿತ್ತೋ ಈಗಲೂ ಹಾಗೆಯೇ. "ಗಂಡಸರಿಗೆ ತಮ್ಮ ತೂಕದ ಮೇಲೂ ಎಷ್ಟು ಜಂಬ!" ಎಂದು ಪುಟ್ಟಿ ಗಟ್ಟಿಯಾಗಿ ನಕ್ಕಳು.

ಕೆಳಗೆ ಮನೆಗಳು ಬೆಂಕಿಪೊಟ್ಟಣಗಳಾದವು. ಅವಳಿಗೆ ಭಯವಾಗಬೇಕಿತ್ತು. ಆದದ್ದು ಸಂತೋಷ, ಕಣ್ಣಲ್ಲಿ ನೀರು ತರಿಸುವಂಥ ಸಂತೋಷ. ಹುಟ್ಟಿದಾರಭ್ಯ ಮೊದಲ ಸಲ ಬೆನ್ನ ಹಿಂದೆ ಯಾರೂ "ಜೋಪಾನ" ಎನ್ನುತ್ತಿರಲಿಲ್ಲ.

ಹೇಳಿಬಿಡಬೇಕು. ಇಲ್ಲಿ ಅಭ್ಯಾಸ ಮಾಡಿಕೊಂಡರೆ ಕೆಳಗೆ ಸಲೀಸು. ರೇಡಿಯೊ ಗುಂಡಿ ಒತ್ತಿಲ್ಲ ತಾನೇ ಎಂದು ಎರಡು ಸಲ ನೋಡಿಕೊಂಡಳು. ಒತ್ತಿರಲಿಲ್ಲ. ಕೇಳಿಸಿಕೊಳ್ಳಲು ಒಂದು ನರಪಿಳ್ಳೆಯೂ ಇಲ್ಲ.

"ಅಪ್ಪಾ!" ಎಂದು ಇಂಜಿನ್ನಿನ ಸದ್ದನ್ನೂ ಮೀರಿ ಕಿರುಚಿದಳು. "ನಾನು ಮನೆ ಬಿಟ್ಟು ಹೋಗ್ತೀನಿ! ಬೇರೆ ಊರಲ್ಲಿ ರೂಮು ನೋಡಿದ್ದೀನಿ! ನಾನು ಬಿದ್ರೆ ನಾನೇ ಏಳ್ತೀನಿ, ನೀನು ಬರಬೇಡ! ನೀನಂದ್ರೆ ನಂಗೆ ಪ್ರಾಣ ಕಣಪ್ಪ, ಆದ್ರೆ ಉಸಿರು ಕಟ್ಟುತ್ತೆ!"

ವಿಮಾನದ ಹಿಂಭಾಗ ಒಮ್ಮೆ ತಟಕ್ಕನೆ ಅಲುಗಿತು. ಗಾಳಿ ಇರಬೇಕು. ಪುಟ್ಟಿ ಹಿಡಿತ ಸರಿಮಾಡಿಕೊಂಡಳು. ಹೇಳಿ ಮುಗಿಸಿದ ಮೇಲೆ ಎದೆ ಹೂವಿನಷ್ಟು ಹಗುರವಾಗಿತ್ತು. ಎಷ್ಟು ಸುಲಭವಿತ್ತು! ಇಷ್ಟಕ್ಕಾಗಿ ಇಷ್ಟು ದಿನ ಒದ್ದಾಡಿದೆನಲ್ಲ ಎಂದು ತನಗೆ ತಾನೇ ಬೈದುಕೊಂಡಳು.

ಇಳಿದದ್ದಂತೂ ಬೆಣ್ಣೆಯಲ್ಲಿ ಕೂದಲೆಳೆದಂತೆ. "ಭೇಷ್, ಭೇಷ್!" ಎಂದು ರೇಡಿಯೊದಲ್ಲಿ ಕ್ಯಾಪ್ಟನ್ ಅರಚಿದರು. ಒಬ್ಬರೇ ಹಾರಿ ಬಂದವರ ತಲೆಗೆ ತಣ್ಣೀರು ಸುರಿಯುವುದು ಈ ಶಾಲೆಯ ಪದ್ಧತಿ. ಮೆಕ್ಯಾನಿಕ್ ಆಗಲೇ ಬಕೆಟ್ಟು ಹಿಡಿದು, ಅರ್ಧ ನೀರು ತನ್ನ ಕಾಲ ಮೇಲೇ ಚೆಲ್ಲಿಕೊಳ್ಳುತ್ತ ಓಡಿಬರುತ್ತಿದ್ದ.

ಪುಟ್ಟಿ ಇಂಜಿನ್ ಆರಿಸಿದಳು. ರೆಕ್ಕೆಯ ಆಚೆ ಚಪ್ಪಾಳೆ ಕೇಳುತ್ತಿತ್ತು. ಬೆಲ್ಟು ಬಿಚ್ಚಿ, ಬಾಗಿಲಿನ ಹಿಡಿಕೆಗೆ ಕೈ ಹಾಕಿದಳು.

"ಪುಟ್ಟೀ," ಹಿಂದಿನ ಸೀಟಿನ ಟಾರ್ಪಾಲಿನೊಳಗಿಂದ ಅಪ್ಪನ ದನಿ ಬಂತು, "ಆ ರೂಮಲ್ಲಿ ಎರಡು ಮಂಚ ಹಿಡಿಸುತ್ತಾ?"