ಕಳ್ಳ ಬಾರದ ದಿನ

ಇವತ್ತೂ ನಾಯಿ ಅದೇ ಮಧ್ಯಾಹ್ನದ ಹೊತ್ತಿಗೆ ಬೊಗಳಿತು. ಇದು ಮೂರನೆಯ ದಿನ.

ನಾಯಿ ಅಂದರೆ ಅವಳ ಆರು ವರ್ಷದ ಸಂಶೋಧನೆ. ಕಾಲೇಜಿನ ಕಂಪ್ಯೂಟರುಗಳಿಂದ ಏನೇನು ಹೊರಗೆ ಹೋಗುತ್ತದೆ ಎಂದು ಕಾಯುತ್ತ ಕೂತು, ಯಾವುದಾದರೂ ವೈರಸ್ಸು ಹೊಕ್ಕು ಕದಿಯತೊಡಗಿದರೆ ಕೂಗಿಕೊಳ್ಳುವ ಪ್ರೋಗ್ರಾಮು. ಲ್ಯಾಬಿನ ಹುಡುಗರು ತಮಾಷೆಗೆ ಪರದೆಯ ಮೂಲೆಯಲ್ಲಿ ಒಂದು ನಾಯಿಯ ಚಿತ್ರ ಕೂರಿಸಿದ್ದರು. ಎಲ್ಲ ಸರಿಯಿದ್ದರೆ ಹಸಿರಾಗಿ ಬಾಲ ಅಲ್ಲಾಡಿಸುತ್ತದೆ, ಇಲ್ಲದಿದ್ದರೆ ಕೆಂಪಾಗಿ ಬೊಗಳುತ್ತದೆ. ಈಗ ಅದು ಬೊಗಳುತ್ತಿದ್ದುದು ಕಾಲೇಜಿನದೇ ಶಿಶುವಿಹಾರದ ಕಂಪ್ಯೂಟರಿನ ಕಡೆಗೆ. ಮೊದಲೆರಡು ದಿನ ಸುಳ್ಳು ಕೂಗೆಂದು ಅವಳು ಬಿಟ್ಟಿದ್ದಳು. ಆದರೆ ನಿನ್ನೆಯಷ್ಟೇ ತನ್ನ ಮಗಳನ್ನೂ ಅಲ್ಲಿಗೆ ಸೇರಿಸಿದ್ದಳು.

ಎದ್ದೆನೋ ಬಿದ್ದೆನೋ ಎಂದು ಓಡಿದಳು. ಮಕ್ಕಳೆಲ್ಲ ಸಾಲಾಗಿ ಮಲಗಿದ್ದವು. ಕಂಪ್ಯೂಟರನ್ನು ಎಷ್ಟು ಜಾಲಾಡಿದರೂ ವೈರಸ್ಸಿನ ಸುಳಿವಿಲ್ಲ.

"ರಿಪೇರಿಯವನು ಮೊನ್ನೆ ಡಿಸ್ಕೇ ಬದಲಾಯಿಸಿ ಹೋದ ಅಕ್ಕಾ," ಎಂದು ಆಯಾ ಪಿಸುಗುಟ್ಟಿದಳು. "ಹಳೇದು ಒಂದು ಹೆಸರು ಹೊಡೆಯೋಷ್ಟರಲ್ಲಿ ನಿದ್ದೆ ಬರಿಸ್ತಿತ್ತು. ಇಲ್ಲೇ ಇದೆ, ಬೇಕಾದ್ರೆ ನೋಡಿ."

ಹಳೆಯ ಡಿಸ್ಕನ್ನು ಲ್ಯಾಬಿಗೆ ತಂದು ತೆರೆದಳು. ವೈರಸ್ಸು ಇದ್ದದ್ದು ಅದರಲ್ಲಿ. ಮಕ್ಕಳು ಮಲಗುವ ಹೊತ್ತು ನೋಡಿಕೊಂಡು ಅವರ ಫೋಟೋ, ಮನೆ ವಿಳಾಸ, ಕರೆದೊಯ್ಯಲು ಯಾರು ಯಾವಾಗ ಬರುತ್ತಾರೆ ಎಂಬುದನ್ನೆಲ್ಲ ಎಲ್ಲಿಗೋ ಕಳಿಸುತ್ತಿತ್ತು. ಇಂದು ನಿನ್ನೆಯದಲ್ಲ, ವರ್ಷಗಳಿಂದ. ನಾಯಿಯನ್ನು ಬಿಟ್ಟ ಮೊದಲ ತಿಂಗಳು ಅವಳು ಅದಕ್ಕೆ ಕಲಿಸಿದ್ದು ಇಷ್ಟೇ: ಇಲ್ಲಿ ದಿನಾ ನಡೆಯುವುದನ್ನು ನೋಡಿಟ್ಟುಕೋ, ಅದರಲ್ಲಿ ವ್ಯತ್ಯಾಸ ಕಂಡರೆ ಕೂಗು. ಆಗಲೇ ಕಳ್ಳ ಮನೆಯೊಳಗಿದ್ದ. ನಾಯಿ ಅವನನ್ನು ಮನೆಯವನೆಂದೇ ತಿಳಿಯಿತು. ಈಗ ಅವನು ಬರಲಿಲ್ಲವಲ್ಲ ಎಂದು ಬೊಗಳುತ್ತಿತ್ತು.

ಅವಳ ಮಾರ್ಗದರ್ಶಕ ಪ್ರೊಫೆಸರರು ಎಲ್ಲ ಕೇಳಿಸಿಕೊಂಡು ಕನ್ನಡಕ ತೆಗೆದು ಒರೆಸಿದರು.

"ಮತ್ತೆ ಮೊದಲಿಂದ ಕಲಿಸೋಕೆ?"

"ತಿಂಗಳಾದ್ರೂ ಬೇಕು ಸರ್."

"ನಾಯಿನ ಪರೀಕ್ಷೆ ಮಾಡೋ ಸಮಿತಿ ಬರ್ತಿರೋದು ನಾಳೆ."

"ಇರೋದನ್ನೇ ಹೇಳೋಣ ಸರ್."

"ಏನಂತ? ಕಳ್ಳ ಹೋದ್ಮೇಲೆ ಬೊಗಳೋ ನಾಯಿ ಸಾಕಿದೀವಿ ಅಂತಲಾ?" ಅವರು ನಗಲಿಲ್ಲ. "ಪೇಪರ್ ಅಚ್ಚಾಗಿ ಹೋಗಿದೆ. ನಿನ್ನ ಥೀಸಿಸ್ಸೂ ಅದರ ಮೇಲೇ ನಿಂತಿದೆ. ಆ ಹಳೇ ಡಿಸ್ಕನ್ನ ನಾಳೆ ಒಂದು ದಿನಕ್ಕೆ ವಾಪಸ್ ಹಾಕ್ಬಿಡು, ನಾಯಿ ಬೊಗಳಲ್ಲ."

"ಸರ್, ಅದರಲ್ಲಿ ಮಕ್ಕಳ..."

"ಹೋಗಿದ್ದು ಹೋಯ್ತಲ್ಲಮ್ಮಾ. ಇನ್ನೊಂದು ದಿನಕ್ಕೆ ಆಕಾಶ ಕಳಚಿ ಬೀಳುತ್ತಾ? ಅವರು ಗೇಟು ದಾಟ್ತಿದ್ದ ಹಾಗೆ ಕಿತ್ತು ಬಿಸಾಕು. ನಾನೂ ಮೊಮ್ಮಕ್ಕಳನ್ನ ಕಂಡವನೇ."

ಅವಳು ಡಿಸ್ಕನ್ನು ಎತ್ತಿಕೊಂಡು ಹೊರಬಂದಳು.

ತನ್ನ ಜಾಗಕ್ಕೆ ಬಂದು ಹಳೆಯ ಡಿಸ್ಕಿನಲ್ಲಿ ಮಗಳ ಹೆಸರು ಹುಡುಕಿದಳು. ಇರಲಿಲ್ಲ. ಮಗಳು ಸೇರುವ ಹೊತ್ತಿಗೆ ಡಿಸ್ಕು ಬದಲಾಗಿತ್ತು. ಮತ್ತೊಮ್ಮೆ ಹುಡುಕಿದಳು. ಇಲ್ಲ. ಆಗ ಅವಳಿಗೆ ನಿರಾಳವಾಗಿ ಬಂದ ಉಸಿರಿದೆಯಲ್ಲ, ಅದರ ಸದ್ದಿಗೆ ಅವಳೇ ಬೆಚ್ಚಿದಳು.

ಬೆಳಿಗ್ಗೆ ಹೋಗಿ ಡಿಸ್ಕು ಹಾಕಿದಳು. "ಒಂದು ಪರೀಕ್ಷೆ ಇದೆ, ಇವತ್ತೊಂದು ದಿನ ಹಳೇದೇ ಇರ್ಲಿ," ಎಂದಳು, ಆಯಾಳ ಮುಖ ನೋಡದೆ.

"ನೀವು ಕೈ ಹಾಕಿದ ಮೇಲೆ ನನಗೇನು ಚಿಂತೆ ಬಿಡಿ ಅಕ್ಕಾ."

ಸಮಿತಿಯವರು ತಾವೇ ತಂದಿದ್ದ ವೈರಸ್ಸನ್ನು ಬಿಟ್ಟು ನೋಡಿದರು. ನಾಯಿ ಥಟ್ಟನೆ ಹಿಡಿಯಿತು. ಇನ್ನೊಂದು ಬಿಟ್ಟರು. ಅದನ್ನೂ ಹಿಡಿಯಿತು. ಪ್ರೊಫೆಸರರು ಅವಳ ಕಡೆ ಕೈ ತೋರಿಸಿ, "ಎಲ್ಲ ಈ ಹುಡುಗಿಯದೇ ದುಡಿಮೆ," ಎಂದರು. ಮಧ್ಯಾಹ್ನವಾಗುತ್ತ ಬಂದಿತ್ತು. ಅವಳ ಫೋನು ಅದುರಿತು.

"ಅಕ್ಕಾ, ನೀವು ಹಾಕಿದ್ರಲ್ಲ ಹಳೇದು, ಅದರಲ್ಲಿ ಎಲ್ಲ ಮಕ್ಕಳದೂ ಇದೆ, ನಿಮ್ಮ ಪುಟ್ಟಿದೊಂದೇ ಇರ್ಲಿಲ್ಲ ನೋಡಿ!" ಆಯಾಳ ದನಿಯಲ್ಲಿ ಹಿಗ್ಗಿತ್ತು. "ಗಾಬರಿ ಆಗ್ಬೇಡಿ. ನಂಗೆಲ್ಲ ಬಾಯಿಪಾಠ. ವಿಳಾಸ, ತಾತ ಬರೋ ಹೊತ್ತು, ಎಲ್ಲ ಕೂತು ಹೊಡೆದು ಹಾಕ್ದೆ. ಫೋಟೋನೂ ಹೊಸದು ತೆಗ್ದೆ, ಎಷ್ಟು ಚೆನ್ನಾಗಿ ನಕ್ಕಿದ್ದಾಳೆ ಗೊತ್ತಾ? ಈಗ ತಾನೇ ಮಲಗಿಸಿದೆ ಎಲ್ಲರನ್ನೂ."

ಅವಳು ಪರದೆಯ ಕಡೆ ತಿರುಗಿದಳು.

ನಾಯಿ ಹಸಿರಾಗಿ ಬಾಲ ಅಲ್ಲಾಡಿಸುತ್ತಿತ್ತು.