ಮುಡಿಪಿನ ರೂಪಾಯಿ

ಕಾಣೆಯಾದ ಅಣ್ಣ ಇನ್ನು ಬರುವುದಿಲ್ಲವೆಂದು ಮನೆಯವರೆಲ್ಲ ಒಪ್ಪಿಕೊಂಡಾಗಿತ್ತು. ದರ್ಭೆಯ ಬೊಂಬೆ ಸುಟ್ಟು ಅವನ ಕರ್ಮ ಮುಗಿಸಿ, ಆಮೇಲೆ ತಿಪ್ಪೇಶನೇ ಅತ್ತಿಗೆಗೆ ತಾಳಿ ಕಟ್ಟಬೇಕೆಂದು ಹಿರಿಯರು ಹೇಳಿದ್ದರು. ತಿಪ್ಪೇಶ ಯಾರಿಗೂ ಹೇಳದೆ ಬಚ್ಚಿಟ್ಟುಕೊಂಡಿದ್ದ ಆಸೆಯೂ ಅದೇ.

“ಮೊದ್ಲು ಅವನ ಮುಡಿಪು ಬಿಚ್ಚಿ ದೇವಿಗೆ ಒಪ್ಸಿಬಿಡಪ್ಪ. ಹರಕೆ ಬಾಕಿ ಉಳೀಬಾರ್ದು,” ಎಂದರು ಪುರೋಹಿತರು.

ಮನೆ ಬಿಟ್ಟ ದಿನ ಅಣ್ಣ ಒಂದು ರೂಪಾಯಿಯನ್ನು ಹಳದಿ ಬಟ್ಟೆಯಲ್ಲಿ ಸುತ್ತಿ ಗುಡಿಯ ತೊಲೆಗೆ ಕಟ್ಟಿ ಹೋಗಿದ್ದ. ಅಂಥ ಎಡಗೈ ಗಂಟು ಅವನೊಬ್ಬನಿಗೇ ಬರುತ್ತಿತ್ತು. ಆ ಗಂಟು ಹಾಗೆಯೇ ಇತ್ತು. ತಿಪ್ಪೇಶ ಸ್ಟೂಲು ಹತ್ತಿ, ಹೆಣಗಾಡಿ ಬಿಚ್ಚಿದ.

ಒಳಗೆ ಎರಡು ನಾಣ್ಯಗಳಿದ್ದವು.

ಒಂದು, ತೆನೆಯ ಚಿತ್ರವಿದ್ದ ಹಳೆಯ ತಾಮ್ರ-ನಿಕ್ಕಲ್ ರೂಪಾಯಿ. ಇನ್ನೊಂದು ಉಕ್ಕಿನದು, ಹಗುರ, ಹೊಳೆಯುತ್ತಿತ್ತು. ಅದರ ಮೇಲೆ ₹ ಗುರುತಿತ್ತು. ನಾಣ್ಯ ಕೂಡಿಡುವ ಹುಚ್ಚಿದ್ದ ತಿಪ್ಪೇಶ ಅದನ್ನು ಬೆಳಕಿಗೆ ಹಿಡಿದ. ಆ ಗುರುತು ನಾಣ್ಯಗಳ ಮೇಲೆ ಬರುವುದಕ್ಕಿಂತ ಎಷ್ಟೋ ಮೊದಲೇ ಅಣ್ಣ ಹೋಗಿದ್ದ. ಕೆಳಗಿದ್ದ ಇಸವಿ ಹೋದ ವರ್ಷದ್ದು.

“ಸಿಕ್ತೇನೋ?” ಕಣ್ಣಿಗೆ ಪೊರೆ ಬಂದಿದ್ದ ಅವ್ವ ಕೆಳಗಿನಿಂದ ಕೈ ಚಾಚಿದಳು.

ಅವನು ಹಳೆಯ ನಾಣ್ಯವನ್ನು ಅವಳ ಅಂಗೈಗಿಟ್ಟ. ಅವ್ವ ತೂಗಿ ನೋಡಿದಳು.

“ಹೂಂ, ಇದೇ. ಆಗಿನ ರೂಪಾಯಿ ಎಷ್ಟು ಭಾರ ನೋಡು! ಮತ್ತೇನಾದ್ರೂ ಇತ್ತೇನಪ್ಪಾ ಒಳಗೆ?”

ಗುಡಿಯ ಬಾಗಿಲಲ್ಲಿ ಅತ್ತಿಗೆ ತಲೆ ತಗ್ಗಿಸಿ ನಿಂತಿದ್ದಳು. ತಿಪ್ಪೇಶ ಹೊಸ ನಾಣ್ಯವನ್ನು ಜೇಬಿಗಿಳಿಸಿದ.

“ಏನೂ ಇಲ್ಲವ್ವಾ. ಹೊಳೆದಂಡೆಗೆ ನಡೀರಿ, ಬೊಂಬೆಗೆ ನಾನೇ ಬೆಂಕಿ ಇಡ್ತೀನಿ.”