ಸೋಲೊಪ್ಪಿದ ತಂಗಿ

"ಮನಶ್ಶಾಸ್ತ್ರ ವಿಜ್ಞಾನ ಆದ್ರೆ ಕೈ ನೋಡಿ ಭವಿಷ್ಯ ಹೇಳೋದೂ ವಿಜ್ಞಾನಾನೇ ಬಿಡು!" ಕೆಮಿಸ್ಟ್ರಿ ಮೇಷ್ಟ್ರಾದ ಅಣ್ಣ ಎಂದಿನಂತೆ ಕಾಲೆಳೆದ. ಹೆಂಡತಿಯ ಬಲವಂತಕ್ಕೆ ತಂಗಿಯ ಕ್ಲಿನಿಕ್ಕಿಗೆ ಬಂದಿದ್ದ. ತಂಗಿಯೂ ಎಂದಿನಂತೆ ವಾದಕ್ಕಿಳಿದಳು. ಕಣ್ಣು ಮಾತ್ರ ಗಡಿಯಾರದ ಮೇಲಿತ್ತು.

ಐದು ನಿಮಿಷವಾಯಿತು. "ಸರಿ, ಆಗ ನಾನು ಹೇಳಿದ ಐದು ಪದ ಈಗ ಹೇಳಣ್ಣ."

"ಯಾವ ಪದ?" ಅವನು ನಕ್ಕ. "ನೀನೆಲ್ಲಿ ಹೇಳಿದೆ?"

ಐದು ನಿಮಿಷದ ಹಿಂದಷ್ಟೇ ಅವಳು ಅವನ ಬಾಯಲ್ಲೇ ಎರಡು ಸಲ ಹೇಳಿಸಿದ್ದಳು. ಬರೆಯುತ್ತಿದ್ದ ಹಾಳೆಯನ್ನು ಮೆಲ್ಲಗೆ ಮಗುಚಿಟ್ಟಳು.

"ಹೋಗ್ಲಿ, ನೀನೇ ಗೆದ್ದೆ. ಇದು ವಿಜ್ಞಾನವೇ ಅಲ್ಲ."

ಇಪ್ಪತ್ತು ವರ್ಷದ ಈ ವಾದದಲ್ಲಿ ಒಮ್ಮೆಯೂ ಸೋಲೊಪ್ಪದ ತಂಗಿಯನ್ನು ದಿಟ್ಟಿಸುತ್ತಿದ್ದಂತೆ ಅಣ್ಣನ ನಗು ಆರಿಹೋಯಿತು.

"ಪುಟ್ಟೀ... ನನಗೇನಾಗಿದೆ?"